ಹುಣಸೆಹಣ್ಣಿಗೆ ಸಿಕ್ಕ ನವಿಲು

ಎಸಿಯ ಜಾಲರಿ ತೊಳೆದೆ. ಯಜಮಾನರಿಗೆ ಡಬ್ಬಿ ಕಟ್ಟಿ ರುಸೈಲಿನ ಕಾರ್ಖಾನೆಗೆ ಕಳಿಸಿದೆ. ಕುಡಿಯುವ ನೀರಿನ ಕ್ಯಾನು ಬದಲಿಸಿದೆ. ನಾಳೆಯ ವರಮಹಾಲಕ್ಷ್ಮಿ ಹಬ್ಬದ ಒಬ್ಬಟ್ಟಿಗೆ ಕಡಲೆಬೇಳೆ ಆರಿಸಿಟ್ಟೆ. ದೀಪ ಬೆಳಗಲು ಹುಣಸೆಹಣ್ಣು ನೆನೆಸುತ್ತಿದ್ದಾಗ ಎದುರುಮನೆಯಿಂದ ಕೂಗು ಕೇಳಿಸಿತು.

ಕೂಗಿದ್ದು ಹೂದಾನಿಗಾಗಿ. ಮಸ್ಕತ್ ಬಿಟ್ಟು ಹೊರಟ ಇಂಗ್ಲಿಷ್ ದಂಪತಿಯ ಮನೆಸಾಮಾನು ಮಾರಾಟದಲ್ಲಿ ಎದುರುಮನೆಯಾಕೆ ಅದನ್ನು ಕೊಂಡು ತಂದಿದ್ದಳು. ಕೆನೆಬಣ್ಣದ ಪಿಂಗಾಣಿ, ಮೈಮೇಲೆ ತಾಮ್ರದ ಹೊಳಪಿನ ನವಿಲು. ಅಂದಿನಿಂದ ಅವಳ ಮನೆಗೆ ಕಾಫಿಗೆ ಹೋದವರಿಗೆಲ್ಲ ಪಾಠ: ಹಿಂದೆ ಇಂಗ್ಲೆಂಡಿನ ಕುಶಲಕರ್ಮಿಗಳು ಯಂತ್ರದ ಸರಕಿಗೆ ಬೇಸತ್ತು, ದಿನಬಳಕೆಯ ವಸ್ತುವೇ ಚೆಂದವಾಗಿರಬೇಕು, ಅದೂ ಕೈಯಿಂದಲೇ ಆಗಬೇಕು ಎಂದು ಹೊರಟರಂತೆ. ಪಾಠ ಹೇಳುವವಳು ಮಾತ್ರ ಅದರಲ್ಲಿ ಒಂದು ಹೂವನ್ನೂ ಇಟ್ಟವಳಲ್ಲ. ಗಾಜಿನ ಬೀರುವಿನಲ್ಲಿ ಕೂರಿಸಿ, ತಲೆಯ ಮೇಲೊಂದು ಬಲ್ಬು ಹಾಕಿಸಿದ್ದಳು. ನವಿಲಿಗೆ ಅಷ್ಟು ಬೆಳಕು. ಮೈಸೂರಿನಿಂದ ಬಂದ ಅತ್ತೆಗೆ ಕಿಟಕಿಯಿಲ್ಲದ ಸಾಮಾನಿನ ಕೋಣೆ.

ಆ ಅತ್ತೆ ಇಂದು ಕಲಶಕ್ಕೆ ಚೆಂಬು ಹುಡುಕಿದ್ದಾರೆ. ಆ ಮನೆಯಲ್ಲಿ ಚೆಂಬೆಲ್ಲಿ? ಹೂದಾನಿ ಕಣ್ಣಿಗೆ ಬಿದ್ದಿದೆ. ನವಿಲನ್ನು ತಾಮ್ರದ ಕೆತ್ತನೆಯೆಂದೂ, ಅದರ ಕಪ್ಪುಛಾಯೆಯನ್ನು ಕಿಲುಬೆಂದೂ ತಿಳಿದು, ಉಪ್ಪು ಹುಣಸೆಹಣ್ಣು ಹಚ್ಚಿ ತೆಂಗಿನನಾರಿನಿಂದ ತಿಕ್ಕಿದ್ದಾರೆ. ನಾನು ಹೋಗುವಷ್ಟರಲ್ಲಿ ನವಿಲಿಗೆ ಗರಿ ಇರಲಿಲ್ಲ.

ಮಗನ ಜೊತೆ ದೀಪಾವಳಿ ಮಾಡಿಕೊಂಡೇ ಹೋಗಬೇಕೆಂದು ಬಂದಿದ್ದ ಜೀವ ಅದು. ಸೊಸೆ ಫೋನು ಹಿಡಿದೇ ನಿಂತಿದ್ದಳು.

"ಖಲಾಸ್ ಅತ್ತೆ. ಟಿಕೆಟ್ ಈಗ್ಲೇ ಹೋಗೋ ಹಾಗೆ ಬದಲಾಯಿಸ್ತೀನಿ. ದೀಪಾವಳಿ ನೀವು ಮೈಸೂರಲ್ಲೇ ಮಾಡ್ಕೊಳ್ಳಿ."

ಮುದುಕಿ ಕೈಯ ಹುಳಿ ಸೆರಗಿಗೆ ಒರೆಸಿಕೊಂಡರು. "ಬಳಸೋದಕ್ಕೇ ಮಾಡಿದ್ದು ಅಂತ ಬಂದೋರಿಗೆಲ್ಲ ನೀನೇ ಹೇಳ್ತಿದ್ದೆ ಕಣಮ್ಮ. ಬಳಸಿದೆ."

ಮಗನಿಗೆ ಫೋನು ಹೋಯಿತು. ಮೀಟಿಂಗಿನಲ್ಲಿದ್ದಾನಂತೆ, ಅವಳು ಹೇಳಿದಂತೆ ಆಗಲಿ ಎಂದನಂತೆ. ಹೆಂಡತಿಯ ಆ ಬೀರುವಿಗೆ ಇವನೂ ಒಂದು ಪಿಂಗಾಣಿ.

ಹೇಗೂ ಹಾಳಾಯಿತಲ್ಲ, ನಮ್ಮ ಕಲಶಕ್ಕಾದರೂ ಕೊಡು ಎಂದು ಸೊಸೆಯ ಬಳಿ ಹೂದಾನಿ ಕೇಳಿದೆ; ಕೊಡಲಿಲ್ಲ. ಹಬ್ಬಕ್ಕೆ ಅತ್ತೆಯನ್ನು ನಮ್ಮ ಮನೆಗೆ ಕೊಡು ಎಂದೆ, ತಕ್ಷಣ ಕೊಟ್ಟಳು.

ನಮ್ಮ ಚೆಂಬನ್ನು ಅವರೇ ಬೆಳಗಿದರು. ಸಂಜೆ ಮಗ ಬಂದು, ಟಿಕೆಟ್ ಭಾನುವಾರಕ್ಕೆ ಆಯಿತೆಂದು ನಮ್ಮ ಬಾಗಿಲಲ್ಲೇ ಹೇಳಿ ಹೋದ. ಚಪ್ಪಲಿಯನ್ನೂ ಬಿಡಲಿಲ್ಲ. ಅವನು ತನ್ನ ಮನೆಯ ಬಾಗಿಲು ತೆರೆದಾಗ ಒಳಗೆ ಬೀರುವಿನ ಬಲ್ಬು ಉರಿಯುತ್ತಿತ್ತು. ಬೋಳು ನವಿಲನ್ನು ಗೋಡೆಗೆ ತಿರುಗಿಸಿಟ್ಟಿದ್ದರು.

ರಾತ್ರಿ ಚಪಾತಿ, ಹೀರೇಕಾಯಿ ಪಲ್ಯ, ಮಜ್ಜಿಗೆ. ಅತ್ತೆ ಪಲ್ಯಕ್ಕೆ ಉಪ್ಪು ಕಡಿಮೆ ಎಂದರು, ಆದರೂ ಇನ್ನೊಮ್ಮೆ ಹಾಕಿಸಿಕೊಂಡರು. ಮೊದಲು ನಿದ್ದೆಹೋದವರೂ ಅವರೇ, ನಮ್ಮ ಮಗಳ ಹಾಸಿಗೆಯಲ್ಲಿ, ಕಿಟಕಿಯ ಪಕ್ಕ.