ಕೋಳಿ ಪೊಟ್ಟಣ ಓದೋ ರಾಧಾಮಣಿ

ಆ ಭಾನುವಾರ ನಮ್ಮನೆಯವರು ಕೋಗಿಲು ರೋಡಿನ ವಹಾಬ್ ಅಂಗಡಿಯಿಂದ ಮಸಾಲೆ ಹಚ್ಚಿದ ಕೋಳಿ ಪೊಟ್ಟಣ ತಂದ್ರು. ಅವರಿಗೆ ಬೀಪಿ ಇತ್ತಲ್ಲ, ನಾನು ಚಿಟಿಕೆ ಉಪ್ಪೂ ಹಾಕದೆ ಹುರಿದುಕೊಟ್ಟೆ. ಚೆನ್ನಾಗೈತೆ ಅಂತ ತಿಂದ್ರು. ಸೋಮವಾರ ಬೆಳಿಗ್ಗೆ ಏಳಲಿಲ್ಲ. ಅದೇ ಅಂಗಡೀಲಿ ಈಗ ಎದುರುಮನೆ ರಾಧಾಮಣೀನ ನೋಡ್ತೀನಿ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಪೊಟ್ಟಣ ತಿರುಗಿಸಿ, ಇರುವೆ ಸಾಲಿನಂಥ ಅಕ್ಷರ ಓದ್ತಾಳೆ. "ಪ್ರೋಟೀನು ಹದಿನೆಂಟು ಗ್ರಾಮು, ಪರವಾಗಿಲ್ಲ. ಕೊಬ್ಬು ಒಂಬತ್ತು. ಉಪ್ಪು ನೋಡ್ರೀ, ಇದೇನು ಕೋಳೀನೋ ಉಪ್ಪಿನಕಾಯೋ?" ಹಿಂದೆ ಹತ್ತು ಜನ ನಿಂತಿದ್ರೂ ಅವಳಿಗೆ ಅವಸರ ಇಲ್ಲ. "ಅಕ್ಕಾ, ಕೋಳಿ ತಗೊಳ್ತೀರೋ, ಪರೀಕ್ಷೆಗೆ ಓದ್ತೀರೋ?" ಅಂತಾನೆ ವಹಾಬ್. ಕೊನೆಗೆ ಮಸಾಲೆ ಇಲ್ಲದ ಕೋಳೀನೇ ಕಟ್ಟಿಸಿಕೊಂಡು ಹೋಗ್ತಾಳೆ. "ಈ ಆಸ್ಪತ್ರೆ ಊಟ ಸಾಕಾಯ್ತು ಕಣೇ" ಅಂತ ಅವಳ ಗಂಡ ಗಿರಿ ಗೊಣಗೋದು ನಮ್ಮನೆಗೂ ಕೇಳುತ್ತೆ. ಗೊಣಗೋಕೆ ಗಂಡ ಇದ್ದಾನಲ್ಲ ಅಂತ ನನಗೆ ಹೊಟ್ಟೆ ಉರಿಯುತ್ತೆ. ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು, ಅವಳಿಗೆ ಓದೋಕೆ ಬರುತ್ತಲ್ಲ ಅಂತ ಇನ್ನೂ ಉರಿಯುತ್ತೆ. ಮೊನ್ನೆ ತಡೀಲಾರದೆ, "ಇದನ್ನೆಲ್ಲ ಓದು ಅಂತ ನಿನಗೆ ಯಾರಮ್ಮ ಹೇಳಿಕೊಟ್ಟಿದ್ದು?" ಅಂದೆ. ಅವಳು ಪೊಟ್ಟಣ ಕೆಳಗಿಟ್ಟಳು. "ನಿಮ್ಮನೆಯವರು ಹೋದ ದಿನ ನಿಮ್ಮ ಅಡುಗೆಮನೆ ಗುಡಿಸಿದ್ದು ನಾನೇ ಅಲ್ವಾ ಗಂಗಕ್ಕ. ಆ ಪೊಟ್ಟಣ ಕೈಗೆ ಸಿಕ್ತು. ಅವತ್ತಿಂದ ಓದ್ತೀನಿ." ಅದರಲ್ಲಿ ಉಪ್ಪು ಎಷ್ಟಿತ್ತು ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಈಗಲೂ ದಿನಾ ಬೆಳಿಗ್ಗೆ, ಸಾರಿಗೆ ಉಪ್ಪು ಹಾಕೋಕೆ ಮುಂಚೆ, ಅವರ ಪಾಲು ಒಂದು ಸೌಟು ಬೇರೆ ತೆಗೆದಿಡ್ತೀನಿ.