ಕುದಿಸಿದ ನೀರು

ನಮ್ಮ ಅಂಗಳದಲ್ಲಿ ನಿಂತರೆ ಹಾರಂಗಿಯ ಹಿನ್ನೀರು ಕಾಣುತ್ತದೆ. ಕಾಣುತ್ತದೆ ಅಷ್ಟೇ, ಆ ನೀರು ನಮ್ಮ ನಲ್ಲಿಗೆ ಇನ್ನೂ ಬಂದಿಲ್ಲ. ನಾವು ಕುಡಿಯುವುದು ಮಗಳು ಚಿಕ್ಕವಳಿದ್ದಾಗ ಕೊರೆಸಿದ ಬೋರ್‌ವೆಲ್ ನೀರು. ಯಾವ ಬೇಸಿಗೆಗೂ ಬತ್ತಿಲ್ಲ ಎಂದು ಬಂದವರ ಮುಂದೆಲ್ಲ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಕಕ್ಕಬೆಗೆ ಮದುವೆಯಾಗಿ ಹೋಗಿದ್ದ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬರುವಾಗ ರಕ್ತದ ಹಿಮೋಗ್ಲೋಬಿನ್ ಹನ್ನೊಂದಿತ್ತು. ಮುಂದಿನ ತಪಾಸಣೆಗೆ ಒಂಬತ್ತೂವರೆ, ಅದರ ಮುಂದಿನದಕ್ಕೆ ಎಂಟು. ನನ್ನ ಹೆಂಡತಿ ಕಂಗಾಲಾದಳು. ನುಗ್ಗೆಸೊಪ್ಪು, ಬೆಲ್ಲ, ಲಿವರ್, ಒಂದನ್ನೂ ಬಿಡಲಿಲ್ಲ. ಕಬ್ಬಿಣದ ಮಾತ್ರೆ ನುಂಗಿದಳೋ ಇಲ್ಲವೋ ಎಂದು ಬಾಯಿ ತೆರೆಸಿ ನೋಡತೊಡಗಿದಳು. "ನುಂಗ್ತಾ ಇದೀನಮ್ಮ, ನಾನೇನು ಸುಳ್ಳು ಹೇಳ್ತೀನಾ?" ಎಂದು ಮಗಳು ಅತ್ತೇಬಿಟ್ಟಳು.

ನಮ್ಮ ಮನೆಯಲ್ಲಿ ತಣ್ಣೀರು ಕುಡಿಯುವ ರೂಢಿಯೇ ಇಲ್ಲ. ಬಸುರಿ ಮಗಳು ಬಂದ ಮೇಲೆ ನನ್ನವಳ ಸೌದೆ ಒಲೆಗೆ ಬಿಡುವೇ ಇರಲಿಲ್ಲ. ಜೀರಿಗೆ ಹಾಕಿ, ಪಾತ್ರೆಯ ನೀರು ಅರ್ಧಕ್ಕಿಳಿಯುವವರೆಗೆ ಕುದಿಸುತ್ತಿದ್ದಳು. ಸೌದೆಯೆಲ್ಲ ನೀರಿಗೇ ಮುಗಿಯಿತಲ್ಲೇ ಎಂದು ರೇಗಿಸಿದರೆ, "ಮಗಳು ಕುಡಿಯೋ ನೀರು, ಸುಮ್ನಿರಿ ನೀವು" ಎನ್ನುತ್ತಿದ್ದಳು.

ಕೊನೆಗೆ ಆಸ್ಪತ್ರೆಯ ಡಾಕ್ಟರಮ್ಮ ಮಗಳ ಹಲ್ಲು ನೋಡಿ, ಈ ಕಂದು ಗೆರೆ ಯಾವಾಗಿನಿಂದ ಎಂದು ಕೇಳಿದರು.

"ಚಿಕ್ಕಂದಿನಿಂದಲೂ ಇದೆ ಮೇಡಂ. ಕಾಫಿ ಜಾಸ್ತಿ ಇವಳಿಗೆ" ಎಂದು ನಾನು ನಕ್ಕೆ.

ಅವರು ನಗಲಿಲ್ಲ. "ಇದು ಕಾಫಿ ಕಲೆ ಅಲ್ಲ. ಮನೆ ನೀರು ತಂದ್ಕೊಡಿ, ಟೆಸ್ಟ್ ಮಾಡ್ಸೋಣ" ಎಂದರು.

ನೀರಿನಲ್ಲಿ ಫ್ಲೋರೈಡ್ ವಿಪರೀತವಿತ್ತು. ಅದು ಕರುಳಿನ ಒಳಪದರವನ್ನು ಕೆಡಿಸುತ್ತದೆ, ಆಮೇಲೆ ತಿಂದ ಕಬ್ಬಿಣ ಮೈಗೆ ಹತ್ತುವುದಿಲ್ಲ, ಇವಳಿಗೂ ಹಾಗೇ ಆಗಿರಬಹುದು ಎಂದರು ಡಾಕ್ಟರಮ್ಮ.

"ನಾವು ಕುದಿಸಿಯೇ ಕೊಡೋದು ಮೇಡಂ" ಎಂದಳು ನನ್ನವಳು.

"ಕುದಿಸಿದ್ರೆ ಅದು ಹೋಗಲ್ಲಮ್ಮ. ನೀರು ಆವಿಯಾಗಿ ಕಮ್ಮಿಯಾಗುತ್ತೆ, ಫ್ಲೋರೈಡ್ ಅಷ್ಟೂ ಉಳಿಯುತ್ತೆ."

ನನ್ನವಳು ಮನೆಗೆ ಬಂದವಳೇ ಒಲೆಯ ಕೊಳ್ಳಿ ಎಳೆದು ಆರಿಸಿದಳು.

ಊರಿನ ಶುದ್ಧ ನೀರಿನ ಘಟಕ ಕೆಟ್ಟು ಬೀಗ ಬಿದ್ದಿದೆ. ಪೇಟೆಯಿಂದ ಕ್ಯಾನ್ ತಂದರೆ ಅದು ಯಾವ ಬೋರ್‌ವೆಲ್‌ನದೋ, ಅಂಗಡಿಯವನಿಗೇ ಗೊತ್ತಿಲ್ಲ. ಯಾರ ಮೇಲೆ ಹರಿಹಾಯಲಿ? ನೆಲದ ಮೇಲೆಯೇ? ಕಕ್ಕಬೆಯ ಮನೆಗೆ ಬೆಟ್ಟದ ಒರತೆ ನೀರು ಪೈಪಿನಲ್ಲಿ ಬರುತ್ತದೆ, ಅದನ್ನು ಕುಡಿದುಕೊಂಡೇ ಇವಳು ಚೆನ್ನಾಗಿದ್ದಳು. ಸದ್ಯ ಅಲ್ಲಿಗೇ ಕಳಿಸಿ, ಅಲ್ಲಿನ ಆಸ್ಪತ್ರೆಗೆ ತೋರಿಸುತ್ತಿರಿ ಎಂದು ಡಾಕ್ಟರಮ್ಮನೂ ಹೇಳಿದರು.

ಚೊಚ್ಚಲ ಬಸುರಿಯನ್ನು ತವರಿನವರೇ ವಾಪಸ್ ಕಳಿಸುವುದು ಎಲ್ಲಾದರೂ ಉಂಟೇ? ಮಗಳಿಗೆ ಎಲ್ಲ ಗೊತ್ತಿತ್ತು, ಆದರೂ ಬ್ಯಾಗು ತುಂಬುತ್ತ, "ಬಾಣಂತನಕ್ಕಾದ್ರೂ ಕರ್ಕೊಂಡು ಬರ್ತೀಯಾ ಅಪ್ಪ?" ಎಂದಳು. ಬಾಣಂತಿ ಕುಡಿಯಬೇಕಾದದ್ದೂ ಇದೇ ನೀರಲ್ಲವೇ?

ಅಳಿಯ ಜೀಪು ತಂದ. ಹೊರಡುವಾಗ ಮಗಳು ಅಭ್ಯಾಸದಂತೆ ಕಿಟಕಿಯಿಂದ ಕೈ ಚಾಚಿ, "ಅಮ್ಮ, ದಾರಿಗೆ ನೀರು" ಎಂದಳು.

ನನ್ನವಳು ಅಭ್ಯಾಸದಂತೆಯೇ ಒಳಗೆ ಓಡಿದಳು. ಖಾಲಿ ಫ್ಲಾಸ್ಕ್ ಹಿಡಿದುಕೊಂಡು ಹೊರಬಂದು, ಬಾಗಿಲಲ್ಲೇ ನಿಂತುಬಿಟ್ಟಳು.