ರಾಚಮ್ಮನ ಹಗ್ಗ, ಮರಿಯಯ್ಯನ ಚಿಪ್ ಕಂಪನಿ

ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಪಕ್ಕದ ನನ್ನ ಟೀ ಅಂಗಡಿಗೆ ಹೆಸರು ಬಂದದ್ದು ನನ್ನ ಕೈಗುಣದಿಂದಲ್ಲ, ರಾಚಮ್ಮಕ್ಕನ ಹಾಲಿನಿಂದ. ಬಂಡೀಪುರದ ಕಡೆ ಹೋಗುವ ಡ್ರೈವರುಗಳು ಗಾಡಿ ನಿಲ್ಲಿಸಿ ಕುಡಿಯುತ್ತಿದ್ದರು. ಕೂಲಿಗೆ ಹೋದಲ್ಲೆಲ್ಲ ಒಂದಿಷ್ಟು ಹುಲ್ಲು ಕೊಯ್ದು ತಂದು, ಕರುವಿನಿಂದ ಸಾಕಿದ ಹಸು ಅವಳದು. ಹೆಸರು ಕೆಂಪಿ. ಕೆಂಪಿಯ ಜೊತೆ ಮಾತಾಡಿದಷ್ಟು ಅವಳು ಗಂಡನ ಜೊತೆ ಮಾತಾಡಿದ್ದನ್ನು ನಾನು ಕಂಡಿಲ್ಲ.

ಆ ಗಂಡ ಮರಿಯಯ್ಯ. ಫಾರೆಸ್ಟ್ ವಾಚರ್ ಕೆಲಸದಿಂದ ನಿವೃತ್ತನಾದ ಮೇಲೆ ಹಗಲೆಲ್ಲ ಫೋನು ನೋಡುವುದೇ ಅವನ ಕಸುಬು. ಮೊಬೈಲು, ಕಾರುಗಳಿಗೆ ಚಿಪ್ ಮಾಡುವ ಯಾವುದೋ ಪುಟ್ಟ ಕಂಪನಿಯನ್ನು ದೊಡ್ಡ ಕಂಪನಿಯೊಂದು ಇಡಿಯಾಗಿ ಕೊಂಡುಕೊಳ್ಳುತ್ತದಂತೆ, ಆಗ ಷೇರು ಇಟ್ಟವರ ಪುಣ್ಯವೇ ಪುಣ್ಯ ಎಂದು ಫೋನಿನಲ್ಲಿ ಯಾರೋ ಹೇಳಿದರು. ರಾಚಮ್ಮಕ್ಕ ತಂಗಿಮಗಳ ಬಾಣಂತನಕ್ಕೆ ಚಾಮರಾಜನಗರಕ್ಕೆ ಹೋಗಿದ್ದಾಗ ಈ ಮಹಾನುಭಾವ ಕೆಂಪಿಯನ್ನು ಪುಣಜನೂರಿನ ರೈತ ಮಲ್ಲಿಕಾರ್ಜುನಸ್ವಾಮಿಗೆ ಮಾರಿ, ಆ ಷೇರು ಕೊಂಡುಬಿಟ್ಟ.

ನಮ್ಮ ಕಡೆ ಹಸು ಮಾರಿದರೂ ಹಗ್ಗ ಕೊಡುವುದಿಲ್ಲ. ಹಗ್ಗ ಹೋದರೆ ಕೊಟ್ಟಿಗೆಯ ಭಾಗ್ಯವೂ ಹಿಂದೆಯೇ ಹೋಗುತ್ತದೆ ಅಂತ. ಕೊಂಡವನೇ ತನ್ನ ಹಗ್ಗ ತರಬೇಕು. ಊರಿಗೆ ಬಂದ ರಾಚಮ್ಮಕ್ಕನಿಗೆ ಗೂಟದಲ್ಲಿ ಕಂಡದ್ದು ಆ ಹಗ್ಗವೊಂದೇ. ಅವಳು ಬೈಯಲಿಲ್ಲ, ಹಗ್ಗವನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ನನಗೋ ಮೈಯೆಲ್ಲ ಉರಿದುಹೋಯಿತು. ಪ್ಯಾಕೆಟ್ ಹಾಲಿನ ಟೀ ಕುಡಿದು ಡ್ರೈವರುಗಳು ಮುಖ ಹುಳ್ಳಗೆ ಮಾಡುತ್ತಿದ್ದರು.

"ಷೇರು ಮಾರ್ಬುಟ್ಟು ಅಸ ಬುಡಿಸ್ಕೊಂಡ್ ಬಾ ಮಾರಾಯ" ಅಂದೆ.

"ಕಂಪ್ನಿ ಯಾಪಾರ ಆಗೋಗ್ಲಿ, ತಡಿ ಕಣ್ಲಾ ನಿಂಗಯ್ಯ" ಅಂದ ಮರಿಯಯ್ಯ. ಯುಗಾದಿಗೂ ಅದೇ ಮಾತು, ಗೌರಿ ಹಬ್ಬಕ್ಕೂ ಅದೇ ಮಾತು.

ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ರಾಚಮ್ಮಕ್ಕ ಹಗ್ಗವನ್ನು ಚೀಲಕ್ಕೆ ಹಾಕಿಕೊಂಡು, ಗಂಡನನ್ನೂ ಹೊರಡಿಸಿಕೊಂಡು ಅಂಗಡಿಗೆ ಬಂದಳು. "ಬಾ ನಿಂಗಣ್ಣ, ಪುಣಜನೂರ್‌ಗೆ ಓಗನ." ನಾನು ಅಂಗಡಿ ಬಾಗಿಲು ಹಾಕಿಯೇ ಹೊರಟೆ.

ಮಲ್ಲಿಕಾರ್ಜುನಸ್ವಾಮಿಯ ಕೊಟ್ಟಿಗೆಯಲ್ಲಿದ್ದ ಕೆಂಪಿ ಅವಳ ದನಿ ಕೇಳಿದ್ದೇ ತಡ, ಗೂಟ ಕೀಳುವ ಹಾಗೆ ಎಳೆದಾಡಿತು. ಸ್ವಾಮಿ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಎಷ್ಟು ಕೊಟ್ರೂ ಮಾರಾಕಿಲ್ಲ ಕಣಕ್ಕ. ಇಂಥ ಅಸ ಇನ್ನೆಲ್ಲಿ ಸಿಕ್ತದೆ?"

ರಾಚಮ್ಮಕ್ಕನ ಮುಖ ಬಾಡಿಹೋಯಿತು. ಮರಿಯಯ್ಯನಿಗೆ ಅದರ ಪರಿವೆಯೇ ಇಲ್ಲ. ಫೋನು ತೆಗೆದು ಶುರುಮಾಡಿದ: "ನಮ್ ಕಂಪ್ನಿ ಯಾಪಾರ ಇನ್ನೇನು ಕುದುರೋಯ್ತದೆ ಸ್ವಾಮಣ್ಣ."

ಸ್ವಾಮಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ಆ ಚಿಪ್ ಕಂಪ್ನಿದಾ? ನಾನೂ ಅದ್ನೇ ನೋಡ್ತಾ ಇವ್ನಿ ಕಣಯ್ಯ. ತಕ್ಕೊಳನ ಅಂದ್ರೆ ದಿನಾ ಏರ್ತಾನೆ ಅದೆ."

ರಾಚಮ್ಮಕ್ಕ ತಲೆ ಎತ್ತಿದಳು. "ಇವ್ರ್ ಷೇರ್ ನೀನ್ ತಕ್ಕೋ ಸ್ವಾಮಣ್ಣ. ನನ್ ಕೆಂಪಿನ ಕೊಡು."

"ಅಯ್ಯೋ, ಇನ್ನೊಂದು ವಾರ ತಡಿ ಕಣಮ್ಮಿ" ಎಂದು ಮರಿಯಯ್ಯ ಗೋಗರೆದ.

"ನೀವ್ ಸುಮ್ಕಿರಿ."

ಸ್ವಾಮಿ ಖುಷಿಯಿಂದಲೇ ಒಪ್ಪಿಕೊಂಡ. ಷೇರು ವರ್ಗ ಮಾಡುವ ಕೆಲಸವನ್ನು ಸ್ವಾಮಿಯ ಮಗಳು ಹರ್ಷಿತಾ ವಹಿಸಿಕೊಂಡಳು. ಸ್ವಾಮಿ ತನ್ನ ಹಗ್ಗ ಬಿಚ್ಚಿಕೊಂಡ, ರಾಚಮ್ಮಕ್ಕ ತನ್ನ ಹಗ್ಗ ಕಟ್ಟಿದಳು. ಆಗ ಮರಿಯಯ್ಯ ಮೆಲ್ಲಗೆ ಅಂದ: "ಒಂದ್ ಷೇರು ನಾನ್ ಮಡಿಕ್ಕೋತೀನಿ ಸ್ವಾಮಣ್ಣ. ಅಸಿನ್ ಅಗ್ಗ ಇದ್ದಂಗೆ." ಆರು ತಿಂಗಳ ಮೇಲೆ ರಾಚಮ್ಮಕ್ಕ ನಕ್ಕದ್ದು ಆವತ್ತೇ. ಗೂಡ್ಸ್ ಆಟೋದಲ್ಲಿ ಮನೆ ಮುಟ್ಟುವವರೆಗೂ ಅವಳ ನಗು ನಿಲ್ಲಲಿಲ್ಲ. ನನಗೂ ಹೊಟ್ಟೆ ತುಂಬ ಸಂತೋಷವಾಯಿತು.

ಕಂಪನಿಯನ್ನು ಇನ್ನೂ ಯಾರೂ ಕೊಂಡಿಲ್ಲ. ಸ್ವಾಮಿ ಸಂತೆಗೆ ಬಂದಾಗಲೆಲ್ಲ ನನ್ನ ಅಂಗಡಿಯಲ್ಲಿ ಟೀ ಕುಡಿಯುತ್ತಾ ಮರಿಯಯ್ಯನ ಜೊತೆ ಅದೇ ಸುದ್ದಿ ಮಾತಾಡುತ್ತಾನೆ. ಮೊನ್ನೆ ಹಾಲು ತಂದ ರಾಚಮ್ಮಕ್ಕ, ಕೆಂಪಿ ಗಬ್ಬವಾಗಿದೆ ಅಂದಳು.

ಸ್ವಾಮಿ ಲೋಟ ಕೆಳಗಿಟ್ಟ. "ಕರ ನಂಗ್ ಕೊಡಕ್ಕ, ಷೇರ್ ಎಲ್ಲಾನೂ ವಾಪಸ್ ಕೊಟ್ಬುಡ್ತೀನಿ."

ಮರಿಯಯ್ಯನ ಕಣ್ಣು ಅರಳಿತು. ರಾಚಮ್ಮಕ್ಕ ಅವನನ್ನೊಮ್ಮೆ ನೋಡಿದಳು.

"ಕರ ಸುಮ್ನೆ ತಕ್ಕೊಂಡೋಗು ಸ್ವಾಮಣ್ಣ, ಕಾಸೂ ಬ್ಯಾಡ. ಷೇರ್ ಮಾತ್ರ ನಮ್ಮನೆ ಬಾಗ್ಲಿಗೆ ತರಬ್ಯಾಡ" ಅಂದಳು. ಕ್ಯಾನು ಎತ್ತಿಕೊಂಡು ಎರಡು ಹೆಜ್ಜೆ ಹೋದವಳು ತಿರುಗಿದಳು. "ಅಗ್ಗ ನೀನೇ ತತ್ತಾ."